ಅಮ್ಮನವರಿಗೆ ಕಾರ್ನೆ ಮಾಡಿಸಿದ್ದು

ಸಾಮಾನಿಗೂ ಪಾಸ್‌ಪೋರ್ಟ್ ಇರುತ್ತದೆ ಎಂದರೆ ನಮ್ಮ ಕಡೆ ನಗುತ್ತಾರೆ. ಇರುತ್ತದೆ. ಅದರ ಹೆಸರು ಕಾರ್ನೆ. ಮಾರುವುದಕ್ಕಲ್ಲ, ತೋರಿಸಿಯೋ ಬಳಸಿಯೋ ವಾಪಸು ತರುತ್ತೇವೆ ಎಂದು ಹೇಳಿ ಒಂದು ವಸ್ತುವನ್ನು ಹೊರದೇಶಕ್ಕೆ ಒಯ್ಯುವಾಗ ಮಾಡಿಸುವ ಹಸಿರು ಹೊದಿಕೆಯ ಪುಸ್ತಕ ಅದು. ಒಳಗಿನ ಹಳದಿ ಹಾಳೆಗಳು ನಮ್ಮ ಕಸ್ಟಮ್ಸ್‌ನವರಿಗೆ, ಬಿಳಿ ಹಾಳೆಗಳು ಆ ದೇಶದವರಿಗೆ. ಏನೇನು ಒಯ್ಯುತ್ತೀರಿ, ಅದರ ತೂಕವೇನು, ಬೆಲೆಯೇನು ಎಂದು ಮೊದಲೇ ಪಟ್ಟಿ ಬರೆಯಬೇಕು. ಒಮ್ಮೆ ಮುದ್ರೆ ಬಿದ್ದ ಮೇಲೆ ಆ ಪಟ್ಟಿಗೆ ಒಂದು ಗುಂಡುಸೂಜಿಯನ್ನೂ ಸೇರಿಸುವಂತಿಲ್ಲ. ಹೋದದ್ದೆಲ್ಲ ಬರಬೇಕು, ಹೋಗದೇ ಇದ್ದದ್ದು ಬರಬಾರದು. ಇಷ್ಟೇ ನಿಯಮ. ಇಷ್ಟು ಸುಲಭದ ನಿಯಮದಲ್ಲಿ ಎಡವಿದವಳು ನಾನು.

ನನ್ನ ಕೆಲಸವೇ ಕಾಗದ. ಮುಳಬಾಗಿಲಿನ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನನ್ನ ಆಫೀಸು. ಕೋಲಾರದ ಟೊಮೇಟೊ ಮಂಡಿಯವರು, ಶ್ರೀನಿವಾಸಪುರದ ಮಾವಿನ ವ್ಯಾಪಾರಿಗಳು ತೆರಿಗೆಯ ಲೆಕ್ಕ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ನೋಟೀಸು ಬಂದಾಗ ಮಾತ್ರ ನನ್ನ ನೆನಪಾಗುತ್ತದೆ, ಹಲ್ಲುನೋವಿನವರಿಗೆ ಡಾಕ್ಟರ ನೆನಪಾದ ಹಾಗೆ. ಬಂದವರನ್ನು ನಾನು ಬಯ್ಯುತ್ತೇನೆ, ಬೈಸಿಕೊಂಡು ಹೋಗುತ್ತಾರೆ, ಮತ್ತೆ ಬರುತ್ತಾರೆ. ಕಾರ್ನೆ ಕಲಿತದ್ದು ಮಾಲೂರಿನ ಒಂದು ಸಣ್ಣ ಕಾರ್ಖಾನೆಯವರಿಂದ. ಅವರ ಯಂತ್ರವೊಂದು ಜರ್ಮನಿಯ ಪ್ರದರ್ಶನಕ್ಕೆ ಹೋಗಿ ಬರಬೇಕಿತ್ತು. ಆ ಯಂತ್ರ ಒಂದು ಬೋಲ್ಟೂ ತಪ್ಪದೆ ಹೋಗಿ ಬಂತು. ಅದು ನನ್ನ ತಲೆಗೇರಿತು. ಕಾಗದ ನೆಟ್ಟಗಿದ್ದರೆ ಲೋಕವೇ ನೆಟ್ಟಗಿರುತ್ತದೆ ಎಂದು ಕಂಡಕಂಡವರಿಗೆ ಹೇಳುತ್ತಿದ್ದೆ.

ನನ್ನ ಅಪ್ಪ ತಾಯಲೂರಿನ ಕಡೆಯ ಒಂದು ಸಣ್ಣ ಊರಿನ ದೇವಸ್ಥಾನದ ಅರ್ಚಕರು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ದಿನಾ ಬೆಳಗ್ಗೆ ಬಸ್ಸು ಹಿಡಿದು ಮುಳಬಾಗಿಲಿಗೆ ಹೋಗುತ್ತೇನೆ, ಸಂಜೆ ಬರುತ್ತೇನೆ. ಅಪ್ಪ ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ, ದೇವಸ್ಥಾನದಲ್ಲಿ ಸಂಸ್ಕೃತ ಮಾತಾಡುವವರು. ಅಮ್ಮನವರ ಜೊತೆ ಒಬ್ಬರೇ ಇದ್ದಾಗ ಮಾತ್ರ ಅಲ್ಲೂ ತೆಲುಗೇ. ಬಾಗಿಲು ತೆಗೆಯುವಾಗ ಮಗಳನ್ನು ಎಬ್ಬಿಸುವ ಹಾಗೆ "ಲೇಮ್ಮಾ, ತೆಲ್ಲವಾರಿಂದಿ", ಏಳಮ್ಮ ಬೆಳಗಾಯಿತು, ಅನ್ನುವುದನ್ನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ.

ನಮ್ಮ ಕಡೆಯಿಂದ ಸಿಂಗಪುರಕ್ಕೆ ಹೋಗಿ ನೆಲೆಸಿದ ಕೆಲವು ಮನೆಯವರು ಸೇರಿ, ನಮ್ಮೂರ ಸ್ವಾಮಿಗೂ ಅಮ್ಮನವರಿಗೂ ಅಲ್ಲಿ ಕಲ್ಯಾಣೋತ್ಸವ ಮಾಡಿಸಬೇಕೆಂದು ಕೇಳಿದರು. ಖರ್ಚೆಲ್ಲ ಅವರದು. ಮೂಲ ವಿಗ್ರಹಗಳಲ್ಲ, ಉತ್ಸವ ಮೂರ್ತಿಗಳು. ಅಪ್ಪ ಅರ್ಚಕರಾದ ಮೇಲೆ ಎರಕ ಹುಯ್ಯಿಸಿದ ಪಂಚಲೋಹದ ಎರಡು ಮೂರ್ತಿಗಳು, ಮೊಳಕೈ ಉದ್ದವೂ ಇಲ್ಲ. ಊರಿನ ಗಂಡಸರು ಒಂದೇ ಮಾತಿಗೆ ಒಪ್ಪಿದರು. ಹೆಂಗಸರು ಒಪ್ಪಲಿಲ್ಲ.

ಹೆಂಗಸರ ಪರವಾಗಿ ಮಾತಾಡಿದ್ದು ದೇವಸ್ಥಾನಕ್ಕೆ ದಿನಾ ಹೂವು ಕಟ್ಟುವ ಅಜ್ಜಿ. ಅವಳಿಗೆ ಸಮುದ್ರ ದಾಟುವುದು, ವಿಮಾನ ಹತ್ತುವುದು ಇವೆಲ್ಲ ದೊಡ್ಡ ಸಂಗತಿಯಾಗಿರಲಿಲ್ಲ. ಅವಳ ಪ್ರಶ್ನೆ ಬೇರೆ.

"ಅಯ್ನೋರೇ, ಅಲ್ಲಿ ಸಾಮಾನೆಲ್ಲಾ ಬಿಚ್ಚಿ ಬಿಚ್ಚಿ ನೋಡ್ತಾರಂತೆ. ಅಮ್ಮನ ಕತ್ತಿಂದ ತಾಳಿ ತೆಗಿಯೋ ಹಂಗಿಲ್ಲ. ತೆಗೀತಾರೆ ಅಂದ್ರೆ ಅಮ್ಮ ಹೋಗೋದೇ ಬೇಡ."

ಇದಕ್ಕೆ ಕಾರಣವಿದೆ. ನಮ್ಮ ದೇವಸ್ಥಾನದಲ್ಲಿ ಪ್ರತಿ ಕಲ್ಯಾಣೋತ್ಸವಕ್ಕೂ ಅಮ್ಮನವರಿಗೆ ಹೊಸ ತಾಳಿ. ಮೊದಲು ಹೊಸದನ್ನು ಕಟ್ಟಿ, ಅದು ಎದೆಯ ಮೇಲೆ ಕೂತ ಮೇಲೆ ಹಳೆಯದನ್ನು ಬಿಚ್ಚುತ್ತಾರೆ. ಬಿಚ್ಚಿದ ಹಳೆಯದು ಆ ವರ್ಷ ಕಲ್ಯಾಣ ಮಾಡಿಸಿದ ದಂಪತಿಗೆ ಪ್ರಸಾದವಾಗಿ ಹೋಗುತ್ತದೆ, ಅವರ ಮನೆಯ ದೇವರ ಗೂಡಿನಲ್ಲಿ ಇರುತ್ತದೆ. ಹೀಗಾಗಿ ಅಮ್ಮನವರ ಕತ್ತು ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತೂ ಬರಿದಾಗುವುದಿಲ್ಲ. ಬರಿದಾದರೆ ಊರಿನ ಮುತ್ತೈದೆಯರಿಗೆ ಕೇಡು ಎಂದು ನಂಬಿಕೆ. ನಂಬಿಕೆಯೋ ಭಯವೋ, ಎರಡೂ ಒಂದೇ ಗುಡಿಯಲ್ಲಿ ಇರುತ್ತವೆ.

ಅಪ್ಪ ಗರ್ಭಗುಡಿಯ ಕಡೆ ಕೈ ತೋರಿಸಿ ಮಾತು ಕೊಟ್ಟರು. "ಬರಿದಾಗಲ್ಲ. ಬರಿದಾದ ದಿವಸ ನಾನು ಅಮ್ಮನವರನ್ನ ಮುಟ್ಟೋ ಯೋಗ್ಯತೆ ಕಳಕೊಂಡ ಹಂಗೆ."

ನಾನೂ ಬಾಯಿ ಹಾಕಿದೆ. "ಅಜ್ಜಿ, ತಾಳೀನೂ ಪಟ್ಟಿಗೆ ಸೇರಿಸ್ತೀನಿ. ಪಟ್ಟೀಲಿ ಇದ್ರೆ ಯಾರೂ ಮುಟ್ಟಲ್ಲ. ನಾನಿದೀನಲ್ಲ."

ನಾನಿದ್ದೇನಲ್ಲ ಎಂದದ್ದು ಈಗಲೂ ಕಿವಿಯಲ್ಲಿ ಚುಚ್ಚುತ್ತದೆ.

ಕೆಲಸ ಶುರುವಾಯಿತು. ಇವು ಪುರಾತನ ವಿಗ್ರಹಗಳಲ್ಲ ಎಂದು ಪುರಾತತ್ವದವರಿಂದ ಪತ್ರ ತಂದೆ. ಮೂರ್ತಿಗಳ ಫೋಟೊ ತೆಗೆಸಿದೆ. ತೂಕಕ್ಕೆ ಬೆಳ್ಳಿ ಅಂಗಡಿಗೆ ಒಯ್ಯೋಣ ಎಂದರೆ ಅಪ್ಪ ಒಪ್ಪಲಿಲ್ಲ, ದೇವರು ಅಂಗಡಿ ಮೆಟ್ಟಿಲು ಹತ್ತುವುದೇ ಎಂದರು. ಸರಿ, ಪಕ್ಕದ ದಿನಸಿ ಅಂಗಡಿಯ ತಕ್ಕಡಿಯನ್ನೇ ತೊಳೆದು, ಅರಿಶಿನ ಹಚ್ಚಿ, ದೇವಸ್ಥಾನಕ್ಕೆ ತರಿಸಿದೆ. ಬೇಳೆ ತೂಗುವ ತಕ್ಕಡಿ. ಎಷ್ಟು ಬಂತೋ ಅಷ್ಟು ಬರೆದುಕೊಂಡೆ.

ಬೆಲೆಯ ಕಾಲಂ ಬಂದಾಗ ಅಪ್ಪ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಅಮ್ಮನವರಿಗೆ ಎಷ್ಟು ಹಾಕ್ದೆ?"

"ಸ್ವಾಮಿಗಿಂತ ಕಮ್ಮಿ."

"ಯಾಕಮ್ಮ?"

"ತೂಕ ಕಮ್ಮಿ ಇದೆಯಲ್ಲಪ್ಪ."

"ಇಬ್ಬರಿಗೂ ಒಂದೇ ಹಾಕು. ಜಗಳ ಆಗುತ್ತೆ."

ನಕ್ಕೆವು. ನಾನು ಒಂದೇ ಹಾಕಲಿಲ್ಲ, ಲೋಹದ ಬೆಲೆ ಲೋಹದ ಬೆಲೆಯೇ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯಿದೆ. ಆ ದಿನಗಳಲ್ಲಿ ಪೂಜಾರಿ ನಾನಾಗಿದ್ದೆ. ಬೆಳ್ಳಿ ಛತ್ರಿ, ಚಾಮರ, ಗಂಟೆ, ದೀಪದ ಜೋಡಿ, ಪೀಠ ಎಲ್ಲ ಬರೆದೆ. ಕೊನೆಗೆ ಚಿನ್ನದ ತಾಳಿ ಬೊಟ್ಟು, ಜೋಡಿ, ಅರಿಶಿನ ದಾರದಲ್ಲಿ, ಎಂದು ಬರೆದೆ. ಅದಕ್ಕೂ ಫೋಟೊ ಅಂಟಿಸಿದೆ. ಖರ್ಚಾಗಿ ಹೋಗುವ ಪದಾರ್ಥ ಕಾರ್ನೆಯಲ್ಲಿ ಬರುವುದಿಲ್ಲ, ಗೆಡ್ಡೆ ಬೇರು ಸೊಪ್ಪು ಕಂಡರೆ ವಿಮಾನ ನಿಲ್ದಾಣದಲ್ಲಿ ತಕರಾರು ಎಂದು ಅಪ್ಪನ ಚೀಲದಿಂದ ಅಕ್ಕಿ, ಅರಿಶಿನದ ಕೊಂಬು, ತುಳಸಿ ಎಲ್ಲ ತೆಗೆಸಿ ಹೊರಗಿಟ್ಟೆ. ಅಪ್ಪ ಗೊಣಗಿದರು. "ಅಲ್ಲೇ ಸಿಗುತ್ತೆ" ಎಂದು ಜೋರು ಮಾಡಿದೆ.

ಇಷ್ಟೆಲ್ಲ ಮಾಡಿದವಳಿಗೆ, ಕಲ್ಯಾಣಕ್ಕೆಂದು ಹೋಗುವ ತಾಳಿ ಕಲ್ಯಾಣದಲ್ಲಿ ಬದಲಾಗುತ್ತದೆ ಎಂಬುದು ಹೊಳೆಯಲಿಲ್ಲ. ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಗಂಡ ಹೋದ ಮೇಲೆ, ಮಾಂಗಲ್ಯಧಾರಣೆಯ ವಾದ್ಯ ಶುರುವಾದ ಕೂಡಲೇ ನಾನು ಹಿತ್ತಲ ಕಡೆ ಹೋಗಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ. ಹೋಗು ಎಂದು ಯಾರೂ ಹೇಳುವುದಿಲ್ಲ, ಹೇಳಿಸಿಕೊಳ್ಳುವ ಮೊದಲೇ ನಾನು ಹೋಗಿರುತ್ತೇನೆ. ಅಷ್ಟು ವರ್ಷ ಕಣ್ಣು ತಪ್ಪಿಸಿದ್ದರಿಂದ ಆ ಗಳಿಗೆ ನನ್ನ ಲೆಕ್ಕದಿಂದಲೇ ಬಿಟ್ಟು ಹೋಗಿತ್ತು. ಪಟ್ಟಿ ಬರೆಯುವಾಗ ತಾಳಿ ನನಗೆ ಬರೀ ಒಡವೆಯಾಗಿ ಕಂಡಿತು.

ಸಿಂಗಪುರಕ್ಕೆ ಅಪ್ಪ, ನಾನು, ಅಪ್ಪನಿಗೆ ಸಹಾಯಕ್ಕೆ ಚಿಕ್ಕಪ್ಪನ ಮಗ, ಮೂವರು ಹೋದೆವು. ಕಾರ್ನೆಯಲ್ಲಿ ಪ್ರತಿನಿಧಿ ಎಂದು ನನ್ನ ಸಹಿ ಇದ್ದದ್ದರಿಂದ ನಾನು ಹೋಗಲೇಬೇಕಿತ್ತು. ಹೋಗುವಾಗ ಎಲ್ಲ ಹೂವೆತ್ತಿದ ಹಾಗೆ ಆಯಿತು. ಬೆಂಗಳೂರಿನಲ್ಲಿ ಹಳದಿ ಹಾಳೆಗೆ ಮುದ್ರೆ, ಅಲ್ಲಿ ಬಿಳಿ ಹಾಳೆಗೆ ಮುದ್ರೆ. ಅಪ್ಪ ದಾರಿಯುದ್ದಕ್ಕೂ ಅಮ್ಮನವರನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕಚ್ಚೆ ಪಂಚೆ, ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಶಲ್ಯ. ಸೂಟುಬೂಟಿನವರ ನಡುವೆ ಅವರು ಹಾಗೆ ನಡೆಯುವಾಗ ನಾನು ಎರಡು ಹೆಜ್ಜೆ ಹಿಂದೆ ಬರುತ್ತಿದ್ದೆ. ಫೈಲು ತೆಗೆಯುವ ನೆವ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಅವರ ಜೊತೆಯವಳು ಎಂದು ಕಾಣಿಸಿಕೊಳ್ಳಲು ನಾಚಿಕೆಯಾಗುತ್ತಿತ್ತು. ಆ ನಾಚಿಕೆಗೆ ಈಗ ನಾಚುತ್ತೇನೆ.

ಕಲ್ಯಾಣ ಚೆನ್ನಾಗಿ ನಡೆಯಿತಂತೆ. ಅಂತೆ ಎನ್ನುವುದೇಕೆಂದರೆ, ನಾಗಸ್ವರದ ರೆಕಾರ್ಡು ಜೋರಾದಾಗ ನಾನು ಅಭ್ಯಾಸದಂತೆ ಎದ್ದು ಹೊರಗೆ ಹೋಗಿದ್ದೆ. ಅಲ್ಲಿ ನನ್ನ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ, ಕೂತಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೂ ಹೋದೆ. ಸಭಾಂಗಣದ ಹೊರಗೆ ಚಪ್ಪಲಿಗಳ ಪಕ್ಕ ಕುರ್ಚಿ ಹಾಕಿಕೊಂಡು, ವಾಪಸು ಬರುವ ಹಾಳೆಗಳನ್ನು ಸರಿ ಜೋಡಿಸುತ್ತಾ ಕೂತಿದ್ದೆ. ನಾನು ಹಾಳೆ ಜೋಡಿಸುತ್ತಿದ್ದಾಗಲೇ ಒಳಗೆ ಅಪ್ಪ ಅಲ್ಲಿನವರು ಮಾಡಿಸಿದ್ದ ಹೊಸ ತಾಳಿ ಕಟ್ಟಿ, ಹಳೆಯದನ್ನು ಬಿಚ್ಚಿ, ಕಲ್ಯಾಣಕ್ಕೆ ಕೂತ ದಂಪತಿಗೆ ಪ್ರಸಾದವೆಂದು ಕೊಟ್ಟರು. ಅವರು ಮಾಡಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಸಿಂಗಪುರದಿಂದ ಹೊರಡುವಾಗ ಅಲ್ಲಿನವರು ಎರಡು ಮೂರ್ತಿ, ಛತ್ರಿ, ಚಾಮರ ನೋಡಿ ಮುದ್ರೆ ಒತ್ತಿಬಿಟ್ಟರು. ಅಮ್ಮನವರು ರೇಷ್ಮೆ ಬಟ್ಟೆಯೊಳಗಿದ್ದರು. ನಾನೂ ಬಿಚ್ಚಿ ನೋಡಲಿಲ್ಲ.

ಬೆಂಗಳೂರಿಗೆ ಬಂದು ಇಳಿದು, ಕಸ್ಟಮ್ಸ್‌ಗೆ ಸಾಮಾನು ತೋರಿಸಬೇಕಾದವರ ಕೆಂಪು ದಾರಿಯಲ್ಲಿ ಹೋಗಿ ಕಾರ್ನೆ ಕೊಟ್ಟೆ. ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮರ್ಯಾದೆಯ ಮನುಷ್ಯ. ಮೂರ್ತಿಗಳನ್ನು ಮೇಜಿನ ಮೇಲೆ ಇಡುವ ಮೊದಲು ಅವರೇ ಮೇಜು ಒರೆಸಿದರು. "ಶೂ ಬಿಚ್ಬೇಕಾ ಸ್ವಾಮಿ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಬೇಡ ಎಂದರೂ ಬಿಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಪಟ್ಟಿ ಹಿಡಿದು ಒಂದೊಂದಾಗಿ ನೋಡಿದರು. ಫೋಟೊ ನೋಡಿದರು, ಅಮ್ಮನವರ ಕತ್ತು ನೋಡಿದರು. ಮತ್ತೆ ಫೋಟೊ ನೋಡಿದರು.

"ಮೇಡಂ, ಇದು ಅದಲ್ವಲ್ಲ."

ನಾನು ಬಗ್ಗಿ ನೋಡಿದೆ. ಫೋಟೊದಲ್ಲಿ ಇದ್ದದ್ದು ಹುಣಿಸೆ ಬೀಜದಷ್ಟು ಸಣ್ಣ ಚಪ್ಪಟೆ ಬೊಟ್ಟುಗಳು. ಅಮ್ಮನವರ ಎದೆಯ ಮೇಲೆ ಇದ್ದದ್ದು ಅದರ ಎರಡರಷ್ಟು ದೊಡ್ಡವು, ನಡುವೆ ಹವಳ, ಕರಿಮಣಿ, ಗುಂಡು. ಅಪ್ಪ ಮಾತ್ರ ಸಂತೋಷದಿಂದ ವಿವರಿಸಿದರು. "ಅದು ಹಳೇದು ಸ್ವಾಮಿ. ಕಲ್ಯಾಣ ಆದ್ಮೇಲೆ ಹಳೇದು ಯಾಕಿರುತ್ತೆ? ಪ್ರಸಾದ ಕೊಟ್ಬಿಟ್ವಿ."

ಪಟ್ಟಿಯಲ್ಲಿದ್ದ ಚಿನ್ನ ಬಂದಿಲ್ಲ, ಪಟ್ಟಿಯಲ್ಲಿ ಇಲ್ಲದ ಚಿನ್ನ ಬಂದಿದೆ. ಅಪ್ಪನ ಒಂದೇ ಮಾತಿನಲ್ಲಿ ಎರಡೂ ತಪ್ಪು ದಾಖಲಾದವು. ಅಧಿಕಾರಿ ನನ್ನನ್ನು ನೋಡಿದರು. ಇಷ್ಟು ಅಚ್ಚುಕಟ್ಟಾಗಿ ಕಾಗದ ಮಾಡಿದವರಿಗೆ ಇದು ಗೊತ್ತಿರಲಿಲ್ಲವೇ ಎಂಬ ನೋಟ. ನಾನು ದಿನಾ ನನ್ನ ಮಂಡಿಯವರನ್ನು ನೋಡುವ ನೋಟವೇ ಅದು.

"ದೊಡ್ಡ ವಿಷಯ ಅಲ್ಲ ಮೇಡಂ. ಹೊಸದಕ್ಕೆ ಸುಂಕ ಕಟ್ಟಿ ತಗೊಂಡು ಹೋಗಿ. ಆದ್ರೆ ಬಿಚ್ಚಿ ಕೊಡ್ಬೇಕು, ತೂಕ ಹಾಕ್ದೆ ನಾನು ಬರೆಯೋಕಾಗಲ್ಲ."

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಎರಡೂ ಕೈ ಅಮ್ಮನವರ ಮುಂದೆ ಅಡ್ಡ ಬಂದವು. "ಬಿಚ್ಚೋ ಹಂಗಿಲ್ಲ ಸ್ವಾಮಿ. ಮಾತು ಕೊಟ್ಟಿದೀನಿ." ಆಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. "ಮೂರ್ತಿ ಸಮೇತ ತೂಕ ಹಾಕಿ, ನನ್ನ ಮಗಳು ಬರೆದಿರೋ ತೂಕ ಅದರಲ್ಲಿ ಕಳೀರಿ. ಉಳಿದಿದ್ದು ತಾಳೀದು. ಏನಮ್ಮಾ, ಸರಿ ತಾನೆ?"

ಬುದ್ಧಿವಂತ ಉಪಾಯ. ಆದರೆ ನಾನು ಬರೆದಿದ್ದ ತೂಕ ಬೇಳೆ ತೂಗುವ ತಕ್ಕಡಿಯದು. ಅದರಲ್ಲಿ ಚಿನ್ನದ ಗ್ರಾಮು ಎಲ್ಲಿ ನಿಲ್ಲುತ್ತದೆ? ಅಪ್ಪ ನನ್ನ ಮುಖ ನೋಡುತ್ತಿದ್ದರು, ಇವಳು ಓದಿದವಳು, ಇವಳು ಬರೆದದ್ದು ಸರಿಯಿರುತ್ತದೆ ಎಂಬ ಪೂರ್ತಿ ನಂಬಿಕೆಯಿಂದ. ನಾನು ತಲೆ ಅಲ್ಲಾಡಿಸಿದೆ. "ಆಗಲ್ಲಪ್ಪ."

"ಹೋಗ್ಲಿ, ಒಂದು ಅರಿಶಿನದ ಕೊಂಬು ಕೊಡು. ಅದನ್ನ ಮೊದಲು ಕಟ್ಟಿ ಆಮೇಲೆ ಇದನ್ನ ಬಿಚ್ತೀನಿ. ಅದೂ ತಾಳಿನೇ."

"ಇಲ್ಲಪ್ಪ. ನಾನೇ ತೆಗೆಸಿದ್ನಲ್ಲ."

"ಅಲ್ಲಿ ಸಿಗುತ್ತೆ ಅಂದ್ಯಲ್ಲಮ್ಮ."

"ಇಲ್ಲಿಗೆ ತರೋಕೆ ಆಗಲ್ಲ ಅಂತ ಅಲ್ಲೇ ಬಿಡಿಸ್ದೆ."

ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗಾದರೆ ನಾಳೆ ಬಂದು ಬಿಡಿಸಿಕೊಂಡು ಹೋಗಬಹುದೇ ಎಂದು ಅಧಿಕಾರಿಯನ್ನು ಕೇಳಿದೆ. ಮೂರ್ತಿಯನ್ನು ಗೋದಾಮಿನಲ್ಲಿ ಇಡಬೇಕಾಗುತ್ತದೆ ಎಂದರು. ನೈವೇದ್ಯವಿಲ್ಲದೆ, ದೀಪವಿಲ್ಲದೆ ಪೆಟ್ಟಿಗೆಗಳ ನಡುವೆ. ಅಪ್ಪ ಕಣ್ಣು ಮುಚ್ಚಿಕೊಂಡರು. ಆಮೇಲೆ ಕೈ ಅಮ್ಮನವರ ಕತ್ತಿನ ಹಿಂದಕ್ಕೆ ಹೋಯಿತು. ಅವರೇ ಹಾಕಿದ ಗಂಟು. ಗಂಟು ಸಿಕ್ಕಲಿಲ್ಲ. ಮತ್ತೆ ನೋಡಿದರು, ಆಗಲಿಲ್ಲ. ಚಿಕ್ಕಪ್ಪನ ಮಗ ಮೊದಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದ, ಅವನಿಗೆ ಮದುವೆಯಾಗಿ ಇನ್ನೂ ಹೊಸತು.

ಆಗ ಅಪ್ಪ ನನ್ನ ಕಡೆ ತಿರುಗಿದರು.

"ನೀನೇ ತೆಗಿಯಮ್ಮ. ನಿಂಗೇನು..."

ಅಲ್ಲಿಗೆ ನಿಲ್ಲಿಸಿದರು. ಮುಂದಿನದು ಬಾಯಿಂದ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ನಿನಗೇನು ಹೋಗುವುದಿದೆ. ನನ್ನ ಮುಖಕ್ಕೆ ರಕ್ತ ನುಗ್ಗಿತು. ಸುತ್ತ ಟ್ರಾಲಿಗಳು ಉರುಳುತ್ತಿದ್ದವು, ಯಾರೋ ಫೋನಿನಲ್ಲಿ ಕ್ಯಾಬ್ ಡ್ರೈವರ್ ಜೊತೆ ಜಗಳವಾಡುತ್ತಿದ್ದರು. ಅಧಿಕಾರಿ ನನ್ನ ಬೋಳು ಕತ್ತನ್ನು ನೋಡಿ, ಅಪ್ಪನನ್ನು ನೋಡಿ, ಅರ್ಥವಾಗಿ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡರು. ಗೊತ್ತಿಲ್ಲದ ಒಬ್ಬ ಮನುಷ್ಯ ನನಗಾಗಿ ನಾಚಿಕೊಂಡದ್ದಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಗಂಡ ಸತ್ತ ಮೇಲೆ ನಾನು ಅಮ್ಮನವರನ್ನು ಮುಟ್ಟಿರಲಿಲ್ಲ. ಅಪ್ಪನ ಹೆಂಡತಿ ಸತ್ತಾಗ ಅಪ್ಪನ ಕೈ ಅಮ್ಮನವರಿಗೆ ಬೇಡದ ಕೈ ಆಗಲಿಲ್ಲ. ನನ್ನ ಗಂಡ ಸತ್ತಾಗ ನನ್ನದು ಆಯಿತು. ಕಾರ್ನೆಗೆ ತೂಕ ಹಾಕುವಾಗಲೂ ತಕ್ಕಡಿಗೆ ಇಟ್ಟವರು, ಎತ್ತಿದವರು ಅಪ್ಪನೇ. ನಾನು ಮುಳ್ಳು ನೋಡಿ ಬರೆದುಕೊಂಡಿದ್ದೆ ಅಷ್ಟೆ. ಈಗ, ತಾಳಿ ಬಿಚ್ಚುವ ಕೆಲಸ ಬಂದಾಗ, ನನ್ನ ಕೈ ಆಯಿತು. ನನ್ನ ತಾಳಿಯನ್ನು ಕೆರೆಯ ಹತ್ತಿರ ಸೀರೆಯ ಮರೆಯಲ್ಲಿ ತೆಗೆದವಳೂ ಗಂಡನಿಲ್ಲದ ಒಬ್ಬ ಮುದುಕಿಯೇ. ಈ ಕೆಲಸಕ್ಕೆ ಇಂಥವರೇ ಎಂದು ನಮ್ಮಲ್ಲಿ ಮೊದಲೇ ಗೊತ್ತುಮಾಡಿದೆ. ಅಪ್ಪ ಹೊಸದಾಗಿ ಏನೂ ಹೇಳಲಿಲ್ಲ.

ತೆಗೆದೆ. ಗಂಟು ಬಿಗಿಯಾಗಿತ್ತು, ಅರಿಶಿನ ಇನ್ನೂ ಹಸಿಯಿತ್ತು. ಅಮ್ಮನವರ ಲೋಹ ತಣ್ಣಗಿರುತ್ತದೆ ಎಂದುಕೊಂಡಿದ್ದೆ. ಅಷ್ಟು ಹೊತ್ತು ಅಪ್ಪನ ಮಡಿಲಲ್ಲಿ ಇದ್ದದ್ದರಿಂದಲೋ ಏನೋ ಬೆಚ್ಚಗಿತ್ತು. ತೂಕದವನು ಸಣ್ಣ ತಕ್ಕಡಿಯಲ್ಲಿ ಹಾಕಿದ, ಬರೆದುಕೊಂಡ. ನಾನು ಸುಂಕ ಕಟ್ಟಿದೆ, ಸಹಿ ಹಾಕಿದೆ. ಅಷ್ಟೂ ಹೊತ್ತು ಅಪ್ಪ ತಮ್ಮ ಶಲ್ಯವನ್ನು ಅಮ್ಮನವರ ಕತ್ತಿನ ಮುಂದೆ ಹಿಡಿದುಕೊಂಡು ನಿಂತಿದ್ದರು, ಯಾರೂ ನೋಡದ ಹಾಗೆ. ವಾಪಸು ಕಟ್ಟುವಾಗ ಮಂತ್ರ ಹೇಳಿದರು. ನಾನು ಅಭ್ಯಾಸದಂತೆ ಅತ್ತ ತಿರುಗಿದೆ. ಹಳೆಯ ಬೊಟ್ಟುಗಳು ವಾಪಸು ಬಂದಿಲ್ಲ ಎಂದು ಬೆಂಗಳೂರಿನಲ್ಲಿ ಬರೆದದ್ದರಿಂದ, ಅವಕ್ಕೆ ಆ ದೇಶದ ಸುಂಕ ಕೇಳಿ ಕೆಲವು ತಿಂಗಳ ಮೇಲೆ ಕಾಗದ ಬಂತು, ಅದನ್ನೂ ಕಟ್ಟಿದೆ. ಅಲ್ಲಿಗೆ ಕಾಗದದ ಲೆಕ್ಕ ಮುಗಿಯಿತು.

ಹೊಸಕೋಟೆ ದಾಟಿ, ನರಸಾಪುರ ದಾಟಿ ಕೋಲಾರ ಬರುವವರೆಗೆ ಕಾರಿನಲ್ಲಿ ಸುಂಕದ ರಸೀದಿಯನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದೆ. ನನ್ನೊಳಗೆ ಕುದಿಯುತ್ತಿತ್ತು. ತಪ್ಪು ನನ್ನದು ಎಂದು ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಾಗಿತ್ತು. ಕೊನೆಗೆ ಕೇಳಿಯೇಬಿಟ್ಟೆ.

"ನಿಂಗೇನು ಅಂದ್ರಲ್ಲಪ್ಪ. ಮುಂದಕ್ಕೆ ಏನು ಹೇಳೋಕ್ ಹೊರಟಿದ್ರಿ?"

ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಮ್ಮನವರು ತೊಡೆಯ ಮೇಲಿದ್ದರು.

"ಎಸಿ ಕಮ್ಮಿ ಮಾಡಕ್ಕೆ ಹೇಳಮ್ಮ," ಎಂದರು. "ಅಮ್ಮನವರಿಗೆ ಚಳಿ."

ನಾನು ಹಲ್ಲು ಕಚ್ಚಿಕೊಂಡೆ. ಊರಿಗೆ ಹೋದ ಕೂಡಲೇ ಇವರು ಎಲ್ಲರ ಮುಂದೆ ನಡೆದದ್ದು ಹೇಳುತ್ತಾರೆ, ಸುಳ್ಳು ಹೇಳುವವರಲ್ಲ, ಯಾರು ತೆಗೆದದ್ದು ಎಂದು ಕೇಳಿದರೆ ನನ್ನನ್ನೇ ತೋರಿಸುತ್ತಾರೆ ಎಂದು ಮುಳಬಾಗಿಲಿನ ಬೆಟ್ಟ ಕಾಣಿಸುವವರೆಗೂ ಅದನ್ನೇ ಯೋಚಿಸಿದೆ. ಏನು ತಿರುಗಿ ಹೇಳಬೇಕು ಎಂದೂ ಸಿದ್ಧ ಮಾಡಿಕೊಂಡೆ. ಒಂದು ಮಾತಿಗೆ ಹತ್ತು ಮಾತು ನನ್ನಲ್ಲಿ ಯಾವಾಗಲೂ ಇರುತ್ತವೆ.

ಊರ ಬಾಗಿಲಿಗೆ ಜನ ಬಂದಿದ್ದರು. ವಾದ್ಯ, ಆರತಿ ತಟ್ಟೆ, ಹೂವು. ಅಪ್ಪ ಕಾರಿನಿಂದ ಇಳಿಯುವ ಮೊದಲೇ ಹೂವಿನ ಅಜ್ಜಿ ಎದುರಿಗೆ ಬಂದು ನಿಂತಳು. ಆರತಿ ಎತ್ತಲಿಲ್ಲ. ಮೊದಲು ಕೇಳಿದಳು.

"ಅಯ್ನೋರೇ, ಅಮ್ಮನ ತಾಳಿ ಕತ್ತಲ್ಲೇ ಇತ್ತಾ? ತೆಗೀಲಿಲ್ವಾ?"

ವಾದ್ಯದವರೂ ನಿಲ್ಲಿಸಿದರು. ಅಪ್ಪ ಅಜ್ಜಿಯನ್ನು ನೋಡಿದರು. ನನ್ನನ್ನು ನೋಡಿದರು. ನಾನು ತಿರುಗಿ ಹೇಳಬೇಕಾದ ಮಾತನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ನಿಂತಿದ್ದೆ.

"ಇತ್ತು," ಎಂದರು ಅಪ್ಪ. "ಒಂದ್ ಗಳಿಗೇನೂ ಬರಿದಾಗಲಿಲ್ಲ."

ವಾದ್ಯ ಮತ್ತೆ ಶುರುವಾಯಿತು. ಆರತಿ ಎತ್ತಿದರು. ಅಜ್ಜಿ ಅತ್ತಳು. ಆಮೇಲೆ ನನ್ನ ಹತ್ತಿರ ಬಂದು ಕೆನ್ನೆ ಸವರಿ, ಬೆರಳು ನೆಟಿಗೆ ಮುರಿದು, "ಎಲ್ಲಾ ನಿನ್ ಕಾಗದದ ಪುಣ್ಯ ಕಣಮ್ಮ. ಹೋದಂಗೇ ಕರ್ಕೊಂಡ್ ಬಂದೆ" ಎಂದಳು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಮಾರನೆಯ ದಿನ ಶುದ್ಧಿಗೆಂದು ಸಂಪ್ರೋಕ್ಷಣೆ ನಡೆಯಿತು. ದೇಶ ದಾಟಿ ಬಂದ ಮೂರ್ತಿಗೆ ಅದು ಹೇಗೂ ಆಗಬೇಕು, ಯಾರಿಗೂ ಅನುಮಾನ ಬರಲಿಲ್ಲ. ಅದನ್ನು ಮಾಡಿದ್ದು ಚಿಕ್ಕಪ್ಪನ ಮಗ. ಅಪ್ಪ ಹೊರಗೆ ಕೂತು ಹೇಳಿಕೊಟ್ಟರು. ಪ್ರಯಾಣದ ಆಯಾಸ ಎಂದುಕೊಂಡರು ಎಲ್ಲರೂ. ಅದರ ಮಾರನೆಯ ದಿನವೂ ಅವನೇ ಬಾಗಿಲು ತೆಗೆದ. ಆಮೇಲೆ ಎಲ್ಲ ದಿನವೂ ಅವನೇ. ಮೊಣಕಾಲು ನೋವು, ಗರ್ಭಗುಡಿಯಲ್ಲಿ ಬಗ್ಗಲಾಗುವುದಿಲ್ಲ ಎಂದು ಅಪ್ಪ ಊರಿಗೆಲ್ಲ ಹೇಳಿದರು. ಮನೆಯಲ್ಲಿ ಅದೇ ಮೊಣಕಾಲಿನಲ್ಲಿ ಬಾವಿಯಿಂದ ನೀರು ಸೇದುತ್ತಾರೆ.

ಒಂದು ದಿನ ಊಟಕ್ಕೆ ಬಡಿಸುವಾಗ ಕೇಳಿದೆ. "ನನಗೋಸ್ಕರ ಸುಳ್ಳು ಹೇಳಿದ್ರಾ?"

ಅಪ್ಪ ಅನ್ನ ಕಲಸುತ್ತಾ ಹೇಳಿದರು. "ತೆಗೆದ್ವಿ ಅಂದಿದ್ರೆ ಯಾರು ತೆಗೆದಿದ್ದು ಅಂತ ಕೇಳೋರು. ನಾಳೆ ಯಾವಳಿಗೋ ಏನೋ ಆದ್ರೆ ನಿನ್ನ ತಲೆಗೆ ಕಟ್ಟೋರು." ಒಂದು ತುತ್ತು ಉಂಡು, "ಅಮ್ಮನವರನ್ನ ಮಡಿಲಲ್ಲಿ ಇಟ್ಕೊಂಡೇ ಸುಳ್ಳಾಡ್ದೆ. ಇನ್ನು ಆ ಕೈಲಿ ಹೆಂಗಮ್ಮ ಮುಟ್ಲಿ" ಎಂದರು.

ಕಾರಿನಲ್ಲಿ ಸಿದ್ಧ ಮಾಡಿಕೊಂಡಿದ್ದ ಹತ್ತು ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಅವರು ನನ್ನನ್ನು ಬಿಟ್ಟುಕೊಡುತ್ತಾರೆ ಎಂದು ನಾನು ಅಷ್ಟು ದೂರ ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದೆ. ಅವರು ಅಷ್ಟೇ ದೂರ ತಮ್ಮ ಪೂಜೆಯನ್ನೇ ಬಿಟ್ಟುಕೊಡಲು ಸಿದ್ಧರಾಗಿ ಬಂದಿದ್ದರು. ಸಾರು ಬಡಿಸುವ ಸೌಟು ಹಿಡಿದು ಒಲೆಯ ಕಡೆ ತಿರುಗಿ ನಿಂತುಬಿಟ್ಟೆ.

ಈಗ ಸಂಜೆ ಮಂಗಳಾರತಿಗೆ ಅಪ್ಪ ಹೊರಗೆ ನನ್ನ ಪಕ್ಕ ನಿಲ್ಲುತ್ತಾರೆ. ಮುತ್ತೈದೆಯರೆಲ್ಲ ಮುಂದೆ, ಅವರ ಹಿಂದೆ ಗಂಡಸರು ಮಕ್ಕಳು, ಎಲ್ಲರ ಹಿಂದೆ ಬಲಗಡೆಯ ಕಂಬದ ಪಕ್ಕ ನನ್ನ ಜಾಗ. ಮೊದಲ ದಿನ ಅಲ್ಲಿ ಬಂದು ನಿಂತಾಗ ಅವರು ಆ ಕಡೆ ಈ ಕಡೆ ಬಗ್ಗಿ ನೋಡಿದರು. ತುದಿಗಾಲಿನ ಮೇಲೆ ನಿಂತು ನೋಡಿದರು.

"ಇಲ್ಲಿಂದ ಅಮ್ಮನವರು ಕಾಣೋದೇ ಇಲ್ವಲ್ಲಮ್ಮ," ಎಂದರು.

"ಇಲ್ಲ. ದೀಪ ಎತ್ತಿದಾಗ ಒಂಚೂರು ಕಿರೀಟ ಕಾಣುತ್ತೆ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ ನೀನು."

"ನೀವು ಕೇಳ್ಲಿಲ್ಲ."

ಅಂದುಬಿಟ್ಟೆ. ಅಂದ ಕೂಡಲೇ, ಇದನ್ನು ಇವತ್ತು ಹೇಳಬೇಕಾಗಿತ್ತೇ ಎಂದು ಮುಖ ಸುಟ್ಟ ಹಾಗಾಯಿತು. ಅಪ್ಪ ತಲೆ ತಗ್ಗಿಸಿದರು. ಗಂಟೆ ಶುರುವಾಯಿತು, ಮುಂದಿನವರೆಲ್ಲ ಕೈ ಎತ್ತಿ ಮುಗಿದರು. ನಾವಿಬ್ಬರೂ ಏನೂ ಕಾಣದ ಕಡೆಗೆ ಕೈ ಮುಗಿದುಕೊಂಡು ನಿಂತೆವು.